ಬಾಗಿಲ ಮೇಲಿನ ನಂಬರು: ಕಾಸರಗೋಡಿನಲ್ಲಿ ಒಂದು ವಾರ್ಡ್ ಹೇಗೆ ಹುಟ್ಟುತ್ತದೆ, ಅದರಿಂದ ನಮಗೇನು?

ನಮ್ಮ ಮನೆಯ ಮುಂಬಾಗಿಲ ಚೌಕಟ್ಟಿನ ಮೇಲೆ ಅಂಗೈಯಷ್ಟಗಲದ ಒಂದು ತಗಡು ಇದೆ. ಅದರಲ್ಲಿ ಎರಡು ಸಂಖ್ಯೆ, ನಡುವೆ ಒಂದು ಓರೆಗೆರೆ. ಎಡಗಡೆಯದ್ದು ವಾರ್ಡಿನ ನಂಬರು, ಬಲಗಡೆಯದ್ದು ಮನೆಯ ನಂಬರು. ಕೇರಳದಲ್ಲಿ ಮನೆಗಳಿಗೆ ಹೀಗೆಯೇ ನಂಬರು ಕೊಡುತ್ತಾರೆ. ಮನೆ ತೆರಿಗೆಯ ರಸೀದಿ, ರೇಷನ್ ಕಾರ್ಡು, ಕರೆಂಟ್ ಅರ್ಜಿ, ಎಲ್ಲದರಲ್ಲೂ ಅದೇ ನಂಬರು. ಬಣ್ಣ ಬಳಿಯುವಾಗ ಅಪ್ಪ ಅದನ್ನು ಜಾಗ್ರತೆಯಿಂದ ಬಿಚ್ಚಿಟ್ಟು, ಒರೆಸಿ, ಮತ್ತೆ ಅದೇ ಆಣಿಗೆ ಹೊಡೆಯುತ್ತಿದ್ದರು.

ಕಳೆದ ಸಲ ಚುನಾವಣೆ ಹತ್ತಿರ ಬಂದಾಗ ಪಕ್ಕದ ಮನೆಯ ದೊಡ್ಡಮ್ಮ ಮತದಾರರ ಚೀಟಿ ಹಿಡಿದು ಬಂದು ಕೇಳಿದರು. "ನಾವು ಮನೆ ಬಿಟ್ಟು ಎಲ್ಲಿಗೂ ಹೋಗ್ಲಿಲ್ಲ. ಮತ್ತೆ ನಮ್ಮ ವಾರ್ಡ್ ಹೇಗೆ ಬದಲಾದ್ದು ಮಾರಾಯ?"

ಒಳ್ಳೆಯ ಪ್ರಶ್ನೆ. ನಾನು ಅವತ್ತು ಕೊಟ್ಟ ಉತ್ತರ ಅರ್ಧಂಬರ್ಧ. ಪೂರ್ತಿ ಉತ್ತರ ಇಲ್ಲಿ ಬರೆಯುತ್ತೇನೆ. ಗಡಿನಾಡಿನಲ್ಲಿ ಕನ್ನಡ ಮಾತಾಡಿಕೊಂಡು ಬದುಕುವ ನಮಗೆ ಇದು ಸುಮ್ನೆ ಒಂದು ನಂಬರಿನ ವಿಷಯ ಅಲ್ಲ. ಈ ವಾರ್ಡಿನ ಗೆರೆ ಎಲ್ಲಿ ಹಾದುಹೋಗುತ್ತದೆ ಎನ್ನುವುದರ ಮೇಲೆ ನಮ್ಮ ಮಾತಿಗೆ ಎಷ್ಟು ತೂಕ ಎನ್ನುವುದು ನಿಂತಿದೆ.

ಮೊದಲು ಲೆಕ್ಕ

ಕಾಸರಗೋಡು ಜಿಲ್ಲೆಯಲ್ಲಿ 38 ಗ್ರಾಮ ಪಂಚಾಯತು, 6 ಬ್ಲಾಕ್ ಪಂಚಾಯತು, ಒಂದು ಜಿಲ್ಲಾ ಪಂಚಾಯತು ಮತ್ತು 3 ನಗರಸಭೆಗಳಿವೆ. ನಗರಸಭೆಗಳು ಕಾಸರಗೋಡು, ಕಾಞಂಗಾಡು ಮತ್ತು ನೀಲೇಶ್ವರ. ಕಾಸರಗೋಡು ನಗರಸಭೆ ಆದದ್ದು 1966ರಲ್ಲಿ. 2011ರ ಜನಗಣತಿ ಪ್ರಕಾರ ಇಲ್ಲಿನ ಜನಸಂಖ್ಯೆ 54,172.

ಇಷ್ಟು ಜನರಿಗೆ ಎಷ್ಟು ಕೌನ್ಸಿಲರ್‌ಗಳು ಎಂದು ಯಾರೋ ಕೂತು ಮನಸ್ಸಿಗೆ ಬಂದ ಹಾಗೆ ತೀರ್ಮಾನಿಸುವುದಿಲ್ಲ. 1994ರ ಕೇರಳ ಮುನಿಸಿಪಾಲಿಟಿ ಕಾಯ್ದೆಯಲ್ಲಿ ಸೂತ್ರ ಇದೆ. ಮೊದಲಿನ ಸೂತ್ರ ಹೀಗಿತ್ತು: 20,000 ಜನರವರೆಗೆ 25 ವಾರ್ಡು. ಅದರ ಮೇಲೆ ಪ್ರತಿ 2,500 ಜನರಿಗೆ ಒಂದೊಂದು ಜಾಸ್ತಿ. ಗರಿಷ್ಠ 52.

ಕಾಗದ ಪೆನ್ಸಿಲ್ ತೆಗೆದುಕೊಂಡು ನೀವೇ ಮಾಡಿ ನೋಡಿ. 54,172ರಿಂದ 20,000 ಕಳೆದರೆ 34,172. ಅದನ್ನು 2,500ರಿಂದ ಭಾಗಿಸಿದರೆ 13, ಮೇಲೆ ಸ್ವಲ್ಪ ಉಳಿಯುತ್ತದೆ. 25ಕ್ಕೆ 13 ಕೂಡಿಸಿದರೆ 38. 2020ರ ಚುನಾವಣೆಯಲ್ಲಿ ಕಾಸರಗೋಡು ನಗರಸಭೆಯಲ್ಲಿ ಇದ್ದದ್ದು ಸರಿಯಾಗಿ 38 ವಾರ್ಡು.

2024ರಲ್ಲಿ ಕೇರಳ ಸರ್ಕಾರ ಕಾಯ್ದೆಗೆ ತಿದ್ದುಪಡಿ ತಂದು ಕನಿಷ್ಠವನ್ನೂ ಗರಿಷ್ಠವನ್ನೂ ಒಂದೊಂದು ಹೆಚ್ಚಿಸಿತು. ನಗರಸಭೆಗಳಲ್ಲಿ 25 ಹೋಗಿ 26 ಆಯಿತು, 52 ಹೋಗಿ 53 ಆಯಿತು. ಗ್ರಾಮ ಪಂಚಾಯತುಗಳಲ್ಲಿ 13 ಇದ್ದದ್ದು 14, 23 ಇದ್ದದ್ದು 24. ಹಾಗಾಗಿ ಕಾಸರಗೋಡು ನಗರಸಭೆಗೆ 26 ಕೂಡಿಸು 13, ಒಟ್ಟು 39. ಈಗಿನ ಲೆಕ್ಕ ಇದು.

ಒಂದೇ ಒಂದು ವಾರ್ಡು ಜಾಸ್ತಿ ಆದರೆ ದೊಡ್ಡಮ್ಮನ ಮನೆಯ ನಂಬರು ಯಾಕೆ ಬದಲಾಗಬೇಕು? ಊಟದ ಪಂಕ್ತಿ ನೆನಪು ಮಾಡಿಕೊಳ್ಳಿ. ಎಲ್ಲರೂ ಕೂತ ಮೇಲೆ ನಡುವೆ ಒಬ್ಬರಿಗೆ ಎಲೆ ಹಾಕಬೇಕಾದರೆ ಸಾಲಿನಲ್ಲಿ ಇರುವವರೆಲ್ಲ ಸ್ವಲ್ಪ ಸ್ವಲ್ಪ ಸರಿಯಬೇಕು. ವಾರ್ಡಿನದ್ದೂ ಹಾಗೆಯೇ. ಹೊಸ ವಾರ್ಡಿಗೆ ಜನ ಬೇರೆಲ್ಲಿಂದಲೂ ಬರುವುದಿಲ್ಲ, ಅಕ್ಕಪಕ್ಕದ ವಾರ್ಡುಗಳಿಂದ ಬರಬೇಕು. ಅವುಗಳಲ್ಲಿ ಕಮ್ಮಿ ಆದದ್ದನ್ನು ಅವುಗಳ ಆಚೆಯ ವಾರ್ಡುಗಳಿಂದ ತುಂಬಬೇಕು. ಯಾಕೆಂದರೆ ಎಲ್ಲ ವಾರ್ಡುಗಳಲ್ಲಿ ಜನಸಂಖ್ಯೆ ಆದಷ್ಟು ಸಮ ಇರಬೇಕು ಎನ್ನುವುದು ನಿಯಮ. 54,172ನ್ನು 39ರಿಂದ ಭಾಗಿಸಿದರೆ ವಾರ್ಡಿಗೆ ಸುಮಾರು 1,390 ಜನ. ದೊಡ್ಡಮ್ಮ ಕದಲಲಿಲ್ಲ, ಗೆರೆ ಕದಲಿತು.

ಈ 1,390 ಎನ್ನುವ ಸಂಖ್ಯೆಯನ್ನು ಸ್ವಲ್ಪ ನಿಂತು ನೋಡಿ. ಮಂಜೇಶ್ವರ ವಿಧಾನಸಭಾ ಕ್ಷೇತ್ರದಲ್ಲಿ ಎರಡು ಲಕ್ಷಕ್ಕಿಂತ ಜಾಸ್ತಿ ಮತದಾರರಿದ್ದಾರೆ. ಅಷ್ಟು ದೊಡ್ಡ ಕ್ಷೇತ್ರದಲ್ಲೇ 2016ರಲ್ಲಿ ಗೆಲುವಿನ ಅಂತರ ಬರೀ 89 ಮತ. ಹಾಗಾದರೆ 1,390 ಜನರ ವಾರ್ಡಿನಲ್ಲಿ, ಮಕ್ಕಳನ್ನು ಬಿಟ್ಟು ಮತ ಹಾಕುವವರು ಎಷ್ಟು ಮಂದಿ ಉಳಿದಾರು? ಒಂದು ಮದುವೆಗೆ ಬರುವ ಜನ. ಇಲ್ಲಿ ಎರಡು ಮನೆಯವರು ಮನಸ್ಸು ಬದಲಿಸಿದರೆ ಫಲಿತಾಂಶ ಬದಲಾಗಬಹುದು. ಮತ ಸಮ ಬಂದರೆ ಚೀಟಿ ಎತ್ತಿ ಗೆದ್ದವರನ್ನು ನಿರ್ಧರಿಸುತ್ತಾರೆ.

ಗೆರೆ ಎಳೆಯುವವರು ಯಾರು?

ರಾಜ್ಯ ಚುನಾವಣಾ ಆಯುಕ್ತರ ಅಧ್ಯಕ್ಷತೆಯ ಡಿಲಿಮಿಟೇಶನ್ ಆಯೋಗ. ಕನ್ನಡದಲ್ಲಿ ವಾರ್ಡ್ ಪುನರ್ವಿಂಗಡಣೆ ಎನ್ನುತ್ತೇವೆ. ಮೊದಲು ನಗರಸಭೆಯ ಮಟ್ಟದಲ್ಲಿ ಮನೆಗಳನ್ನು ಲೆಕ್ಕ ಹಾಕಿ ನಕ್ಷೆ ಮಾಡುತ್ತಾರೆ. ಗಡಿಗೆ ಆದಷ್ಟು ಕಣ್ಣಿಗೆ ಕಾಣುವ ಗುರುತು ಇರಬೇಕು. ರಸ್ತೆ, ಹೊಳೆ, ತೋಡು, ರೈಲು ಹಳಿ, ಇಂಥದ್ದು. ಆಮೇಲೆ ಕರಡು ಪ್ರಕಟಿಸುತ್ತಾರೆ. ಜನರಿಂದ ಆಕ್ಷೇಪ ಕೇಳುತ್ತಾರೆ. ವಿಚಾರಣೆ ಮಾಡಿ ಅಂತಿಮ ಆದೇಶ ಹೊರಡಿಸುತ್ತಾರೆ.

ಈ ಸಲ ಕರಡು ಬಂದದ್ದು 2024ರ ನವೆಂಬರ್ 18ಕ್ಕೆ. ಆಕ್ಷೇಪ ಸಲ್ಲಿಸಲು ಸಿಕ್ಕಿದ್ದು ಎರಡು ವಾರ ಅಷ್ಟೆ.

ಎರಡು ವಾರ! ಅಡಿಕೆ ಕೊಯ್ಲಿನ ಹೊತ್ತು, ಮಕ್ಕಳಿಗೆ ಪರೀಕ್ಷೆಯ ತಯಾರಿ. ಎಷ್ಟು ಮಂದಿ ಹೋಗಿ ನಕ್ಷೆ ನೋಡಿದರು? ನನ್ನ ಪರಿಚಯದಲ್ಲಿ ಕೈಬೆರಳಲ್ಲಿ ಎಣಿಸುವಷ್ಟು. ನನಗೆ ಇದೇ ಜಾಸ್ತಿ ಬೇಸರದ ವಿಷಯ. ಚುನಾವಣೆ ದಿನ ನಾವು ಉತ್ಸಾಹದಿಂದ ಸಾಲು ನಿಲ್ಲುತ್ತೇವೆ. ಆದರೆ ಯಾರ ಜೊತೆ ನಮ್ಮ ಮತ ಎಣಿಸಲ್ಪಡುತ್ತದೆ ಎನ್ನುವುದು ಒಂದು ವರ್ಷ ಮೊದಲೇ ಆ ಎರಡು ವಾರಗಳಲ್ಲಿ ತೀರ್ಮಾನ ಆಗಿರುತ್ತದೆ.

ಯಾಕೆ ಅಷ್ಟು ಮುಖ್ಯ ಎಂದು ಒಂದು ಉದಾಹರಣೆಯಿಂದ ಹೇಳುತ್ತೇನೆ. ಇದು ಕಲ್ಪನೆಯ ಲೆಕ್ಕ, ಯಾವ ಊರಿನದ್ದೂ ಅಲ್ಲ. ಒಂದು ಬೈಲು, ಅಂದರೆ ಗದ್ದೆಯ ಸುತ್ತಲಿನ ಮನೆಗಳ ಗುಂಪು, ಇದೆ ಅಂದುಕೊಳ್ಳಿ. ಅಲ್ಲಿ ಕನ್ನಡ, ತುಳು, ಕೊಂಕಣಿ ಮನೆಮಾತಿನ, ಕನ್ನಡ ಶಾಲೆಯಲ್ಲಿ ಓದಿದ 450 ಮತದಾರರಿದ್ದಾರೆ. ವಾರ್ಡಿಗೆ 1,000 ಮತದಾರರು. ಇಡೀ ಬೈಲು ಒಂದೇ ವಾರ್ಡಿನಲ್ಲಿ ಇದ್ದರೆ, ಯಾವ ಪಕ್ಷದ ಅಭ್ಯರ್ಥಿಯಾದರೂ ಆ ಮನೆಗಳ ಗೇಟು ದಾಟದೆ ಗೆಲ್ಲುವಂತಿಲ್ಲ. ಕರಪತ್ರ ಕನ್ನಡದಲ್ಲೂ ಅಚ್ಚಾಗುತ್ತದೆ. ಗೆದ್ದ ಮೇಲೂ ನೆನಪು ಇರುತ್ತದೆ. ಅದೇ ಬೈಲಿನ ನಡುವೆ ಒಂದು ರಸ್ತೆ, ಒಂದು ತೋಡು ಹಿಡಿದು ಗೆರೆ ಎಳೆದು ಮೂರು ವಾರ್ಡಿಗೆ 150, 150, 150 ಎಂದು ಹಂಚಿದರೆ? ಜನ ಅಷ್ಟೇ, ಮನೆ ಅಷ್ಟೇ, ಮತ ಅಷ್ಟೇ. ಆದರೆ ಮೂರೂ ಕಡೆ ಅವರು ಅಂಚಿನವರು. ಯಾರೂ ತಪ್ಪು ಉದ್ದೇಶದಿಂದ ಮಾಡಬೇಕೆಂದೇ ಇಲ್ಲ. ತೋಡು ಅಲ್ಲಿ ಹರಿಯುತ್ತಿತ್ತು, ಗಡಿಗೆ ಅನುಕೂಲ ಆಯಿತು, ಅಷ್ಟೇ ಆಗಿರಬಹುದು.

ಕನ್ನಡಿಗರೆಲ್ಲ ಒಂದೇ ಪಕ್ಷಕ್ಕೆ ಮತ ಹಾಕುತ್ತಾರೆ ಎಂದು ನಾನು ಹೇಳುತ್ತಿಲ್ಲ. ಹಾಕುವುದೂ ಇಲ್ಲ, ಹಾಕಬೇಕಾಗಿಯೂ ಇಲ್ಲ. ಆದರೆ ಅಂಗನವಾಡಿಯಲ್ಲಿ ಯಾವ ಭಾಷೆ, ಶಾಲೆಯ ಮುಂದಿನ ಫಲಕ ಯಾವ ಲಿಪಿಯಲ್ಲಿ, ನೋಟಿಸು ಯಾರಿಗೆ ಓದಲು ಬರುತ್ತದೆ ಎನ್ನುವ ವಿಷಯಗಳಲ್ಲಿ ಒಂದು ಬೈಲಿನವರ ಅಗತ್ಯ ಒಂದೇ ಅಲ್ವಾ?

ಇನ್ನೊಂದು ಮಾತು ಇಲ್ಲೇ ಸ್ಪಷ್ಟ ಮಾಡಬೇಕು. ಭಾಷೆಯ ಆಧಾರದಲ್ಲಿ ವಾರ್ಡ್ ಮೀಸಲಾತಿ ಇಲ್ಲ. ಮೀಸಲಾತಿ ಇರುವುದು ಮಹಿಳೆಯರಿಗೆ, ಪರಿಶಿಷ್ಟ ಜಾತಿಗೆ, ಪರಿಶಿಷ್ಟ ಪಂಗಡಕ್ಕೆ. ಭಾಷಾ ಅಲ್ಪಸಂಖ್ಯಾತರಿಗೆ ಇರುವ ಬಲ ಒಂದೇ, ಒಂದು ಕಡೆ ಒಟ್ಟಾಗಿ ಇರುವುದು. ಹಾಗಾಗಿ ನಮಗೆ ಗೆರೆಯೇ ಮೀಸಲಾತಿ ಇದ್ದ ಹಾಗೆ.

ಹೆಸರಿನ ವಿಷಯ

ವಾರ್ಡಿಗೆ ನಂಬರು ಮಾತ್ರ ಅಲ್ಲ, ಹೆಸರೂ ಇರುತ್ತದೆ. ತಳಂಗರೆ, ನೆಲ್ಲಿಕುಂಜೆ, ಅಣಂಗೂರು, ಬೀರಂತಬೈಲು, ಅಡ್ಕತ್ತಬೈಲು. ಕೇಳುವಾಗಲೇ ಊರಿನ ನೆಲ ಕಣ್ಣಮುಂದೆ ಬರುತ್ತದೆ. ಬೈಲು ಅಂದರೆ ಗದ್ದೆಯ ತಗ್ಗು.

ಪಟ್ಟಣದ ನಡುವೆಯೇ ಇರುವ ಪಿಲಿಕುಂಜೆ ಎನ್ನುವ ಜಾಗ ನೋಡಿ. ತುಳುವಿನಲ್ಲಿ ಪಿಲಿ ಅಂದರೆ ಹುಲಿ. ಮಲಯಾಳದಲ್ಲಿ ಹುಲಿಗೆ ಪುಲಿ. ಈಗ ಫಲಕಗಳಲ್ಲಿ ಜಾಸ್ತಿ ಕಾಣುವುದು ಪುಲಿಕುನ್ನು. ಹುಲಿ ಅದೇ, ಗುಡ್ಡ ಅದೇ, ಕರೆಯುವ ಬಾಯಿ ಬೇರೆ. ಮಂಜೇಶ್ವರ ಮಂಜೇಶ್ವರಂ ಆಗುವುದು, ಕಾರಡ್ಕ ಕಾಡಗಂ ಆಗುವುದು ಕೂಡ ಇದೇ ತರಹದ್ದು. 2021ರಲ್ಲಿ ಈ ಹೆಸರುಗಳ ವಿಷಯ ಕರ್ನಾಟಕ, ಕೇರಳ ಎರಡೂ ಕಡೆ ದೊಡ್ಡ ಸುದ್ದಿಯಾಯಿತು. ಹೆಸರು ಬದಲಿಸುವ ತೀರ್ಮಾನ ಏನೂ ಆಗಿಲ್ಲ ಎಂದು ಕೇರಳ ಸರ್ಕಾರ ಆಗ ಹೇಳಿತು. ಆದರೆ ಹೆಸರು ಬದಲಾಗಲು ಯಾವಾಗಲೂ ಸರ್ಕಾರದ ತೀರ್ಮಾನವೇ ಬೇಕಾಗಿಲ್ಲ. ಒಂದು ಪಟ್ಟಿಯಲ್ಲಿ ಒಬ್ಬ ಗುಮಾಸ್ತರು ತಮ್ಮ ಕಿವಿಗೆ ಕೇಳಿದ ಹಾಗೆ ಬರೆದರೆ ಸಾಕು. ಮುಂದಿನ ಪಟ್ಟಿ ಅದನ್ನು ನೋಡಿ ಬರೆಯುತ್ತದೆ. ಹಾಗಾಗಿ ಕರಡು ಪಟ್ಟಿ ಬಂದಾಗ ಗಡಿಯ ಜೊತೆ ಹೆಸರನ್ನೂ ಓದಬೇಕು. ಆಕ್ಷೇಪ ಅರ್ಜಿಯಲ್ಲಿ ಇದನ್ನೂ ಬರೆಯಬಹುದು.

ಮಹಿಳಾ ವಾರ್ಡು

ಇದನ್ನು ಬೇಗ ಹೇಳಿ ಮುಗಿಸುತ್ತೇನೆ, ಹೆಚ್ಚಿನವರಿಗೆ ಗೊತ್ತಿದೆ. 2010ರ ಚುನಾವಣೆಯಿಂದ ಕೇರಳದ ಸ್ಥಳೀಯ ಸಂಸ್ಥೆಗಳಲ್ಲಿ ಮಹಿಳೆಯರಿಗೆ ಶೇ. 50ಕ್ಕೆ ಕಮ್ಮಿ ಇಲ್ಲದಂತೆ ಮೀಸಲಾತಿ. 39 ವಾರ್ಡಿನ ಅರ್ಧ ಹತ್ತೊಂಬತ್ತೂವರೆ. ಅರ್ಧ ಕೌನ್ಸಿಲರ್ ಇರಲು ಆಗುವುದಿಲ್ಲ. ಹಾಗಾಗಿ 20. ಯಾವ ವಾರ್ಡು ಎಂದು ಸರದಿ ನೋಡಿ, ಚೀಟಿ ಎತ್ತಿ ನಿರ್ಧರಿಸುತ್ತಾರೆ. ಅಧ್ಯಕ್ಷ ಸ್ಥಾನಗಳಿಗೂ ಹೀಗೆ ಸರದಿ ಇದೆ.

ಇದರಿಂದ ಒಂದು ತೊಂದರೆ, ಒಂದು ಲಾಭ. ಐದು ವರ್ಷ ಕೆಲಸ ಕಲಿತ ಕೌನ್ಸಿಲರ್‌ಗೆ ಮುಂದಿನ ಸಲ ಅದೇ ವಾರ್ಡಿನಲ್ಲಿ ನಿಲ್ಲಲು ಆಗದೆ ಹೋಗಬಹುದು. ಆದರೆ ಕೇರಳದ ಮಹಿಳಾ ಸ್ವಸಹಾಯ ಸಂಘಟನೆಯಾದ ಕುಟುಂಬಶ್ರೀಯಲ್ಲಿ ಲೆಕ್ಕ ಬರೆದು, ಬ್ಯಾಂಕಿಗೆ ಹೋಗಿ, ಸಭೆಯಲ್ಲಿ ಮಾತಾಡಿ ಅಭ್ಯಾಸ ಆದ ಹೆಂಗಸರು ಧೈರ್ಯದಿಂದ ಕೌನ್ಸಿಲಿಗೆ ಬಂದದ್ದು ಈ ಸರದಿಯಿಂದಲೇ. 1998ರಲ್ಲಿ ಶುರುವಾದ ಕುಟುಂಬಶ್ರೀಗೂ ಬುಡ ಇರುವುದು ವಾರ್ಡಿನಲ್ಲಿ. ನೆರೆಕರೆಯ ಹೆಂಗಸರ ಅಯಲ್ಕೂಟ, ಅವೆಲ್ಲ ಸೇರಿ ವಾರ್ಡಿಗೊಂದು ಎ.ಡಿ.ಎಸ್., ಅದರ ಮೇಲೆ ಇಡೀ ನಗರಸಭೆಗೆ ಸಿ.ಡಿ.ಎಸ್. ಲಾಭವೇ ದೊಡ್ಡದು ಎಂದು ನನ್ನ ಅಭಿಪ್ರಾಯ.

ಮತ ಹಾಕುವಲ್ಲಿ ಗೊಂದಲ ಎಲ್ಲಿ?

ಜನ ಜಾಸ್ತಿ ಎಡವುವುದು ಇಲ್ಲಿ. ವಿಧಾನಸಭೆ, ಲೋಕಸಭೆಗೆ ಒಂದು ಮತದಾರರ ಪಟ್ಟಿ. ಅದನ್ನು ಮಾಡುವುದು ಭಾರತದ ಚುನಾವಣಾ ಆಯೋಗ. ನಗರಸಭೆ, ಪಂಚಾಯತಿಗೆ ಬೇರೆಯೇ ಪಟ್ಟಿ. ಅದನ್ನು ಮಾಡುವುದು ಕೇರಳ ರಾಜ್ಯ ಚುನಾವಣಾ ಆಯೋಗ. ಒಂದರಲ್ಲಿ ಹೆಸರು ಇದ್ದರೆ ಇನ್ನೊಂದರಲ್ಲಿ ಇದೆ ಎಂದರ್ಥ ಅಲ್ಲ. ಕೈಯಲ್ಲಿ ವೋಟರ್ ಕಾರ್ಡು ಇದೆ, ಪಟ್ಟಿಯಲ್ಲಿ ಹೆಸರಿಲ್ಲ ಎಂದು ಮತಗಟ್ಟೆಯಿಂದ ವಾಪಸು ಬಂದವರನ್ನು ಕೇಳಿ, ಹೆಚ್ಚಿನ ಸಲ ಕಾರಣ ಇದೇ. 2025ರ ಕೊನೆಯಲ್ಲಿ ಒಂದೇ ಸಮಯಕ್ಕೆ ಒಂದು ಕಡೆ ಪಟ್ಟಿಯ ತೀವ್ರ ಪರಿಷ್ಕರಣೆಯ ಫಾರ್ಮು ಮನೆಗೆ ಬಂತು, ಇನ್ನೊಂದು ಕಡೆ ಸ್ಥಳೀಯ ಚುನಾವಣೆ ಬಂತು. ಫಾರ್ಮು ತುಂಬಿಸಿ ಕೊಟ್ಟೆವಲ್ಲ, ಇನ್ನೇನು ಎಂದು ಎಷ್ಟೋ ಮಂದಿ ನೆಮ್ಮದಿಯಲ್ಲಿದ್ದರು. ಆ ಫಾರ್ಮು ಬೇರೆ ಪಟ್ಟಿಯದ್ದು.

ಕಾಸರಗೋಡು ಜಿಲ್ಲೆಯಲ್ಲಿ ಮತದಾನ ನಡೆದದ್ದು 2025ರ ಡಿಸೆಂಬರ್ 11ಕ್ಕೆ, ಎರಡನೇ ಹಂತದಲ್ಲಿ. ಎಣಿಕೆ 13ಕ್ಕೆ. ನಗರಸಭೆಯವರು ಒತ್ತುವುದು ಒಂದೇ ಗುಂಡಿ. ಪಂಚಾಯತಿನವರಿಗೆ ಮೂರು: ಯಂತ್ರದ ಮೇಲೆ ಗ್ರಾಮ ಪಂಚಾಯತಿಗೆ ಬಿಳಿ ಬಣ್ಣದ ಲೇಬಲ್, ಬ್ಲಾಕಿಗೆ ಗುಲಾಬಿ, ಜಿಲ್ಲಾ ಪಂಚಾಯತಿಗೆ ನೀಲಿ. ವಿಧಾನಸಭೆಯ ಹಾಗೆ ನೋಟಾ ಇಲ್ಲ. ಕನ್ನಡಿಗರು ಸಾಕಷ್ಟು ಇರುವ ವಾರ್ಡುಗಳಲ್ಲಿ ಯಂತ್ರದ ಮೇಲೆ ಅಭ್ಯರ್ಥಿಯ ಹೆಸರು ಮಲಯಾಳದ ಜೊತೆ ಕನ್ನಡದಲ್ಲೂ ಇರುತ್ತದೆ. ಮಲಯಾಳ ಓದಲು ಬಾರದ ನನ್ನ ಅಮ್ಮನಂಥವರು ಯಾರನ್ನೂ ಕೇಳದೆ, ಚಿಹ್ನೆ ಮಾತ್ರ ನಂಬಿಕೊಳ್ಳದೆ, ಹೆಸರು ಓದಿ ಒತ್ತುತ್ತಾರೆ. ಅದು ಸಣ್ಣ ಸಂಗತಿ ಅಲ್ಲ.

ಸ್ಪರ್ಧಿಸಲು ವಯಸ್ಸು 21 ತುಂಬಿರಬೇಕು. ಆ ನಗರಸಭೆಯ ಯಾವುದಾದರೂ ವಾರ್ಡಿನ ಪಟ್ಟಿಯಲ್ಲಿ ಹೆಸರು ಇದ್ದರೆ ಸಾಕು, ಅದೇ ವಾರ್ಡಿನಲ್ಲಿ ಇರಬೇಕೆಂದಿಲ್ಲ. ಆದರೆ ನಾಮಪತ್ರಕ್ಕೆ ಸೂಚಕರಾಗಿ ಸಹಿ ಹಾಕುವವರು ಅದೇ ವಾರ್ಡಿನ ಮತದಾರರಾಗಿರಬೇಕು. ನಗರಸಭೆ ಅಭ್ಯರ್ಥಿ ಖರ್ಚು ಮಾಡಬಹುದಾದದ್ದು 75,000 ರೂಪಾಯಿ, ಗ್ರಾಮ ಪಂಚಾಯತಿನಲ್ಲಿ 25,000. ಒಬ್ಬ ಟೀಚರ್, ಒಬ್ಬ ಅಂಗಡಿಯವರು, ಒಬ್ಬ ಆಟೋ ಓಡಿಸುವವರು ನಿಲ್ಲಬಹುದಾದ ಚುನಾವಣೆ ಇದೊಂದೇ.

ಗೆದ್ದವರು ಪ್ರಮಾಣವಚನ ತೆಗೆದುಕೊಳ್ಳುವ ಕ್ರಮವೂ ಚೆಂದ. ಎಲ್ಲರಿಗಿಂತ ಹಿರಿಯ ವಯಸ್ಸಿನ ಸದಸ್ಯರು ಮೊದಲು ತೆಗೆದುಕೊಂಡು, ಆಮೇಲೆ ಉಳಿದವರಿಗೆ ಬೋಧಿಸುತ್ತಾರೆ. ನಮ್ಮ ಜಿಲ್ಲೆಯಲ್ಲಿ ಕನ್ನಡದಲ್ಲಿ ಪ್ರಮಾಣವಚನ ಮಾಡುವ ಸದಸ್ಯರು ಪ್ರತಿ ಸಲವೂ ಇರುತ್ತಾರೆ. 2021ರಲ್ಲಿ ಮಂಜೇಶ್ವರದ ಶಾಸಕ ಎ.ಕೆ.ಎಂ. ಅಶ್ರಫ್ ಕೇರಳ ವಿಧಾನಸಭೆಯಲ್ಲೇ ಕನ್ನಡದಲ್ಲಿ ಪ್ರಮಾಣ ಮಾಡಿದರು.

ಕೌನ್ಸಿಲರ್ ಕೈಯಲ್ಲಿ ಏನು ಉಂಟು, ಏನು ಇಲ್ಲ

"ಕೌನ್ಸಿಲರ್‌ಗೆ ಹೇಳಿದೆ, ಏನೂ ಆಗಲಿಲ್ಲ" ಎನ್ನುವ ದೂರು ಎಲ್ಲ ಕಡೆ ಇದೆ. ಕೆಲವು ಸಲ ಅದು ನ್ಯಾಯದ ದೂರು. ಕೆಲವು ಸಲ ನಾವು ಕೇಳಿದ್ದು ಅವರ ಕೈಯಲ್ಲಿ ಇಲ್ಲದ್ದನ್ನು.

ಪಟ್ಟಣದಲ್ಲಿ ಕರಂದಕ್ಕಾಡಿನಿಂದ ನುಳ್ಳಿಪ್ಪಾಡಿ ಕಡೆಗೆ ಒಂದೊಂದೇ ಕಂಬದ ಮೇಲೆ ನಿಂತ ಮೇಲ್ಸೇತುವೆ ಇದೆಯಲ್ಲ, ಅದು ರಾಷ್ಟ್ರೀಯ ಹೆದ್ದಾರಿ 66. ಅದರ ಕೆಳಗಿನ ಸರ್ವಿಸ್ ರಸ್ತೆಯಲ್ಲಿ ನೀರು ನಿಂತರೆ ಮೊದಲು ಕೇಳಬೇಕಾದ್ದು ಹೆದ್ದಾರಿ ಪ್ರಾಧಿಕಾರವನ್ನು. ರಾಜ್ಯದ ದೊಡ್ಡ ರಸ್ತೆಗಳು ಲೋಕೋಪಯೋಗಿ ಇಲಾಖೆಯದ್ದು. ಕರೆಂಟು ಹೋದರೆ ಕೆ.ಎಸ್.ಇ.ಬಿ. ಆದರೆ ಬೀದಿದೀಪ ಉರಿಯದಿದ್ದರೆ ನಗರಸಭೆ. ಮನೆ ಮುಂದಿನ ಕಾಂಕ್ರೀಟ್ ರಸ್ತೆ, ಅದರ ಬದಿಯ ಚರಂಡಿ, ಅಂಗನವಾಡಿ, ಕಸ, ಬೀದಿನಾಯಿ, ಕಟ್ಟಡದ ಪರವಾನಗಿ, ಮನೆ ತೆರಿಗೆ, ಜನನ ಮರಣದ ನೋಂದಣಿ, ಇವೆಲ್ಲ ನಗರಸಭೆಯದ್ದು. ಪ್ಲಾಸ್ಟಿಕ್ ತೊಳೆದು ಒಣಗಿಸಿ ಇಟ್ಟರೆ ಹರಿತ ಕರ್ಮ ಸೇನೆಯ ಹೆಂಗಸರು ಬಂದು ಒಯ್ಯುತ್ತಾರೆ. ಅವರೂ ವಾರ್ಡ್ ಲೆಕ್ಕದಲ್ಲೇ ಬರುವುದು.

ಕೌನ್ಸಿಲರ್ ಒಬ್ಬರೇ ಏನನ್ನೂ ಮಂಜೂರು ಮಾಡುವಂತಿಲ್ಲ. 39 ಮಂದಿಯಲ್ಲಿ ಒಬ್ಬರು ಅವರು. ಅಧ್ಯಕ್ಷರನ್ನು ಆರಿಸುವುದು ಜನ ಅಲ್ಲ, ಈ 39 ಮಂದಿ. ಪ್ರತಿಯೊಬ್ಬರೂ ಯಾವುದಾದರೂ ಒಂದು ಸ್ಥಾಯೀ ಸಮಿತಿಯಲ್ಲಿ ಇರುತ್ತಾರೆ. ಹಣಕಾಸು, ಅಭಿವೃದ್ಧಿ, ಕ್ಷೇಮ, ಆರೋಗ್ಯ, ಕಾಮಗಾರಿ, ಶಿಕ್ಷಣ, ಹೀಗೆ. ಹಣಕಾಸು ಸಮಿತಿಗೆ ಉಪಾಧ್ಯಕ್ಷರೇ ಅಧ್ಯಕ್ಷರು. ನಿಮ್ಮ ವಾರ್ಡಿನವರು ಯಾವ ಸಮಿತಿಯಲ್ಲಿದ್ದಾರೆ ಎಂದು ತಿಳಿದುಕೊಳ್ಳಿ. ಚರಂಡಿಯ ಅರ್ಜಿ ಎಲ್ಲಿ ಸಿಕ್ಕಿಬಿದ್ದಿದೆ ಎಂದು ಹುಡುಕಲು ಅದು ಬೇಕಾಗುತ್ತದೆ.

ಮೂರು ತಿಂಗಳಿಗೊಮ್ಮೆ ಬರುವ ಆ ಸಭೆ

ಈಗ ನಾನು ನಿಜವಾಗಿ ಹೇಳಬೇಕೆಂದಿದ್ದ ವಿಷಯಕ್ಕೆ ಬಂದೆ.

1992ರಲ್ಲಿ ಸಂಸತ್ತು ಪಾಸು ಮಾಡಿದ ಸಂವಿಧಾನದ 74ನೇ ತಿದ್ದುಪಡಿ ನಗರಗಳಿಗೆ ವಾರ್ಡ್ ಸಮಿತಿ ಬೇಕು ಎಂದಿತು. ಆದರೆ ಅದು ಕಡ್ಡಾಯ ಆದದ್ದು ಮೂರು ಲಕ್ಷ ಜನಸಂಖ್ಯೆ ಇರುವ ಊರುಗಳಿಗೆ ಮಾತ್ರ. ಕೇರಳ ಒಂದು ಹೆಜ್ಜೆ ಮುಂದೆ ಹೋಯಿತು. ಒಂದು ಲಕ್ಷದವರೆಗೆ ಜನಸಂಖ್ಯೆ ಇರುವ ನಗರಸಭೆಗಳಲ್ಲಿ ಪ್ರತಿ ವಾರ್ಡಿಗೂ ಒಂದು ವಾರ್ಡ್ ಸಭೆ. ಸಮಿತಿ ಅಲ್ಲ, ಸಭೆ. ಆ ವಾರ್ಡಿನ ಪಟ್ಟಿಯಲ್ಲಿ ಹೆಸರಿರುವ ಪ್ರತಿ ಮತದಾರರೂ ಅದರ ಸದಸ್ಯರು. ಪಂಚಾಯತುಗಳಲ್ಲಿ ಇದಕ್ಕೆ ಗ್ರಾಮಸಭೆ ಎನ್ನುತ್ತೇವೆ. ಅದೂ ಪ್ರತಿ ವಾರ್ಡಿಗೆ ಒಂದು. ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಕರೆಯುವ ಜವಾಬ್ದಾರಿ ಆ ವಾರ್ಡಿನ ಸದಸ್ಯರದ್ದು.

ಇದು ಬರೀ ಭಾಷಣದ ಸಭೆ ಅಲ್ಲ. 1996ರಲ್ಲಿ ಕೇರಳದಲ್ಲಿ ಜನಕೀಯ ಯೋಜನೆ, ಅಂದರೆ ಜನರೇ ಸೇರಿ ಯೋಜನೆ ಮಾಡುವ ಕ್ರಮ, ಶುರುವಾದಾಗ ರಾಜ್ಯದ ಯೋಜನಾ ಹಣದಲ್ಲಿ ಶೇ. 35ರಿಂದ 40ರಷ್ಟು ಸ್ಥಳೀಯ ಸಂಸ್ಥೆಗಳಿಗೆ ಎಂದು ತೀರ್ಮಾನ ಆಯಿತು. ಆ ಹಣದಲ್ಲಿ ಏನು ಕೆಲಸ ಎನ್ನುವ ಮಾತು ಮೊದಲು ಏಳಬೇಕಾದದ್ದು ಈ ಸಭೆಯಲ್ಲಿ. ಇಲ್ಲಿಂದ ಕಾರ್ಯಗುಂಪಿಗೆ, ಅಲ್ಲಿಂದ ಅಭಿವೃದ್ಧಿ ಸೆಮಿನಾರಿಗೆ, ಕೌನ್ಸಿಲಿಗೆ, ಕೊನೆಗೆ ಜಿಲ್ಲಾ ಯೋಜನಾ ಸಮಿತಿಗೆ ಹೋಗುತ್ತದೆ. ಮನೆ ಇಲ್ಲದವರಿಗೆ ಮನೆ, ಬಾವಿ ರಿಪೇರಿಗೆ ಸಹಾಯ, ಕೋಳಿ, ಆಡು, ತೆಂಗಿಗೆ ಗೊಬ್ಬರ, ಇಂಥದ್ದಕ್ಕೆಲ್ಲ ಫಲಾನುಭವಿಗಳ ಪಟ್ಟಿ ಬರುವುದು ಈ ಸಭೆಯ ಮುಂದೆ.

ಪಂಚಾಯತಿನ ಗ್ರಾಮಸಭೆಗೆ ಮತದಾರರಲ್ಲಿ ಶೇ. 10 ಮಂದಿ ಸೇರಿದರೆ ಕೋರಂ. ಅಷ್ಟೇ ಮಂದಿ ವಿಷಯ ಬರೆದು ಸಹಿ ಹಾಕಿ ಕೊಟ್ಟರೆ ವಿಶೇಷ ಸಭೆ ಕರೆಯಲೇಬೇಕು. ಒಬ್ಬ ಸದಸ್ಯರು ಸತತ ಎರಡು ಸಲ ಸಭೆ ಕರೆಯದೆ ಬಿಟ್ಟರೆ ಅವರ ಸದಸ್ಯತ್ವವೇ ಹೋಗಬಹುದು. ಇಷ್ಟು ಗಟ್ಟಿ ಹಲ್ಲು ಇರುವ ಕಾನೂನು ಇದು. ಆದರೂ ಖಾಲಿ ಕುರ್ಚಿಗಳೇ ಜಾಸ್ತಿ.

ಚಿಕ್ಕಮ್ಮನ ಊರಿನ ಗ್ರಾಮಸಭೆಗೆ ಒಮ್ಮೆ ಹೋಗಿದ್ದೆ. ಪಂಚಾಯತಿನ ಹೆಸರು ಬೇಡ. ಶಾಲೆಯ ಹಾಲಿನಲ್ಲಿ ಸಭೆ. ಕೆಂಪು ಪ್ಲಾಸ್ಟಿಕ್ ಕುರ್ಚಿ, ಬಾಗಿಲ ಹತ್ತಿರ ಸಹಿ ಹಾಕುವ ಪುಸ್ತಕ, ಒಂದು ದಾರ ಕಟ್ಟಿದ ಪೆನ್ನು. ನೋಟಿಸು ಮಲಯಾಳದಲ್ಲಿ ಮಾತ್ರ ಇತ್ತು. ಬಂದವರಲ್ಲಿ ಅರ್ಧಕ್ಕಿಂತ ಜಾಸ್ತಿ ಕನ್ನಡ ಶಾಲೆಯಲ್ಲಿ ಓದಿದವರು. ಹೆಚ್ಚಿನವರು ಪಟ್ಟಿಯಲ್ಲಿ ತಮ್ಮ ಹೆಸರು ಇದೆಯಾ ಎಂದು ನೋಡಲು ಬಂದವರು. ನೋಡಿದ ಕೂಡಲೇ ಎದ್ದು ಹೊರಟರು.

ಚಿಕ್ಕಮ್ಮ ಏಳಲಿಲ್ಲ. ತಿರುವಿನಲ್ಲಿ ಇರುವ ಮೋರಿಯ ವಿಷಯ ಅವರ ತಲೆಯಲ್ಲಿ ಇತ್ತು. ಅವರು ನಿಂತು ಕನ್ನಡದಲ್ಲೇ ಹೇಳಿದರು. "ಭಜನಾ ಮಂದಿರದ ತಿರುವಿನಲ್ಲಿ ಮೋರಿ ಕಟ್ಟಿಕೊಂಡಿದೆ. ಮಳೆ ಬಂದರೆ ನೀರು ಶಾಲೆ ಮಕ್ಕಳ ಮೊಣಕಾಲಿಗೆ ಬರ್ತದೆ. ಕಳೆದ ವರ್ಷವೂ ಹೇಳಿದ್ದೇನೆ." ಮೆಂಬರ್ ಮಲಯಾಳ ಮನೆಮಾತಿನವರು. ಆದರೆ ಹುಟ್ಟಿದ್ದು ಇದೇ ಊರಲ್ಲಿ, ಕನ್ನಡ ಚೆನ್ನಾಗಿ ಅರ್ಥ ಆಗುತ್ತದೆ. ತಲೆ ಆಡಿಸಿದರು. ಬರೆದುಕೊಳ್ಳುವ ಸಿಬ್ಬಂದಿ ದಕ್ಷಿಣದ ಜಿಲ್ಲೆಯಿಂದ ವರ್ಗ ಆಗಿ ಬಂದವರು. ಅವರೂ ಏನೋ ಬರೆದುಕೊಂಡರು.

"ಬರೆದದ್ದನ್ನು ಒಮ್ಮೆ ಓದಿ ಹೇಳಿ ಸಾರ್" ಎಂದರು ಚಿಕ್ಕಮ್ಮ.

ಅವರು ಓದಿದರು. ಪುಸ್ತಕದಲ್ಲಿ ಇದ್ದದ್ದು ಎರಡೇ ಶಬ್ದ. ಚರಂಡಿ ಸಮಸ್ಯೆ.

ಆ ಮನುಷ್ಯರದ್ದು ಕೆಟ್ಟ ಮನಸ್ಸೇನೂ ಅಲ್ಲ. ಅವರಿಗೆ ಅರ್ಥ ಆದದ್ದು ಅಷ್ಟೇ. ಆದರೆ ಎರಡು ಶಬ್ದ ಬರೆದ ಕಾಗದ ಮೇಲೆ ಹೋದರೆ ಯಾವ ಮೋರಿ, ಯಾವ ತಿರುವು, ಎಷ್ಟು ಉದ್ದ ಎಂದು ಯಾರಿಗೆ ಗೊತ್ತಾಗಬೇಕು? ಎಸ್ಟಿಮೇಟ್ ಹಾಕುವವರು ಎಲ್ಲಿಗೆ ಬಂದು ಅಳೆಯಬೇಕು? ಕಳೆದ ವರ್ಷವೂ ಹೀಗೆಯೇ ಆಗಿರಬೇಕು. ಮೆಂಬರ್ ಅವರೇ ಎದ್ದು ಬಂದು ಪಕ್ಕ ಕೂತು ಮಲಯಾಳದಲ್ಲಿ ಹೇಳಿ ಬರೆಸಿದರು. ಭಜನಾ ಮಂದಿರದ ತಿರುವು, ಮೋರಿ, ಶಾಲೆಗೆ ಹೋಗುವ ದಾರಿ, ಎರಡನೇ ಸಲದ ಬೇಡಿಕೆ. ನಾಲ್ಕು ಸಾಲು ಆಯಿತು.

ಅವತ್ತಿನಿಂದ ನಾನು ಯಾವ ಸಭೆಗೆ ಹೋದರೂ ಇದನ್ನೇ ಮಾಡುತ್ತೇನೆ. ಮಾತಾಡಿದ ಮೇಲೆ ಬರೆದದ್ದನ್ನು ಓದಿಸುತ್ತೇನೆ. ಹೋಗುವಾಗಲೇ ಕನ್ನಡದಲ್ಲಿ ಬರೆದ ಒಂದು ಕಾಗದವೂ ಕೈಯಲ್ಲಿ ಇರುತ್ತದೆ. ಅದಕ್ಕೆ ಹಿಂಜರಿಯಬೇಕಾಗಿಲ್ಲ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಮಲಯಾಳ, ಇಂಗ್ಲಿಷ್ ಅಧಿಕೃತ ಭಾಷೆ ಎನ್ನುವ ಜೊತೆಗೆ ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರ ವಿಷಯವನ್ನೂ ಹೇಳಿದೆ. ಭಾಷಾ ಅಲ್ಪಸಂಖ್ಯಾತ ಪ್ರದೇಶ ಎಂದು ಘೋಷಿಸಿದ ಕಡೆಗಳಲ್ಲಿ ಸರ್ಕಾರದ ಸ್ಥಳೀಯ ಕಚೇರಿಗಳಿಗೆ ಅವರು ತಮ್ಮ ಭಾಷೆಯಲ್ಲೇ ಬರೆಯಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. ಇದರ ಜೊತೆ ಸಂವಿಧಾನದ 350ನೇ ವಿಧಿ ಇದೆ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಹವಾಲು ಕೊಡುವ ಹಕ್ಕು ಎಲ್ಲರಿಗೂ ಇದೆ ಎನ್ನುತ್ತದೆ ಅದು. 1956ರ ನವೆಂಬರ್ 1ಕ್ಕೆ ನಮ್ಮ ತಾಲೂಕು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರ ಭಾಗ ಕರ್ನಾಟಕಕ್ಕೆ ಸೇರಬೇಕು ಎಂದು ಮಹಾಜನ್ ಆಯೋಗ ಹೇಳಿದ್ದು 1967ರಲ್ಲಿ. ಆ ದೊಡ್ಡ ಗೆರೆ ಅಲ್ಲಿಯೇ ಉಳಿಯಿತು. ನಮ್ಮ ಹಿರಿಯರು ಅದಕ್ಕಾಗಿ ಎಷ್ಟು ಓಡಾಡಿದ್ದಾರೆ ಎಂದು ಕೇಳಿ ಬೆಳೆದವರು ನಾವು. ಅದೇ ಶ್ರದ್ಧೆಯ ಒಂದು ಪಾಲನ್ನು ಈ ಸಣ್ಣ ಗೆರೆಗೆ, ವಾರ್ಡಿನ ಗೆರೆಗೆ, ಮೂರು ತಿಂಗಳಿಗೊಮ್ಮೆ ಎರಡು ಗಂಟೆಯಾದರೂ ಕೊಡಬೇಕು ಎಂದು ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ದೊಡ್ಡಮ್ಮನಿಗೆ ಇಷ್ಟನ್ನೂ ಒಂದೇ ಸಲ ಹೇಳಲಿಲ್ಲ. ಅವರ ಹೊಸ ವಾರ್ಡಿನ ಕೌನ್ಸಿಲರ್ ಯಾರು, ಫೋನ್ ನಂಬರ್ ಎಷ್ಟು ಎಂದು ಹಳೆಯ ಕ್ಯಾಲೆಂಡರಿನ ಹಿಂದೆ ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟೆ. ಅವರು ಅದನ್ನು ಫ್ರಿಜ್ಜಿನ ಬದಿಗೆ ಅಂಟಿಸಿದ್ದಾರೆ. ಮುಂದಿನ ವಾರ್ಡ್ ಸಭೆ ಯಾವಾಗ ಎಂದು ನೋಡಿ ಹೇಳಬೇಕಂತೆ. ಅವರ ಮನೆ ಮುಂದಿನ ಬೀದಿದೀಪ ಮಳೆಗಾಲದಿಂದ ಉರಿಯುತ್ತಿಲ್ಲ.